ಈಪರ್‌ನ ಟ್ರೆಂಚ್ ನೋಡಲು ಹೋಗುವವರಿಗೆ

ಬೆಲ್ಜಿಯಂನ ಈಪರ್‌ಗೆ ಬೇಸಿಗೆಯಲ್ಲಿ ಹೋದರೆ ಹಸಿರು ನೋಡಿ, ಫೋಟೊ ತೆಗೆದುಕೊಂಡು ಬರುತ್ತೀರಿ ಅಷ್ಟೇ. ನಾವು ಹೋಗಿದ್ದು ನವೆಂಬರಿನ ಜಿಟಿಜಿಟಿ ಮಳೆಯಲ್ಲಿ. ನೀವೂ ಆಗಲೇ ಹೋಗಿ. ಮೊದಲ ಮಹಾಯುದ್ಧದ ಸೈನಿಕರು ಇಲ್ಲಿ ಶತ್ರುವಿನ ಜೊತೆಗೆ ನೀರಿನೊಂದಿಗೂ ಹೋರಾಡಬೇಕಿತ್ತು.

ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಮೊದಲು ಊರಿನ ಹತ್ತಿರದ ಬೂಝಿಂಗದ ಯಾರ್ಕ್‌ಷೈರ್ ಟ್ರೆಂಚ್ ನೋಡಿ, ಸೈನಿಕರು ಗುಂಡಿಗೆ ಸಿಗದಂತೆ ಅಡಗಿ ಕಾದಾಡುತ್ತಿದ್ದ ಕಂದಕ ಅದು. ಟಿಕೆಟ್ ಇಲ್ಲ. ಸುತ್ತ ಬರೀ ಕಾರ್ಖಾನೆಗಳು, ದಾರಿ ತಪ್ಪಿತೇನೋ ಅನ್ನಿಸುತ್ತದೆ, ತಪ್ಪಿರುವುದಿಲ್ಲ. ಟ್ರೆಂಚ್ ನೇರವಾಗಿಲ್ಲ, ಅಂಕುಡೊಂಕು. ಒಂದು ಕಡೆ ಶೆಲ್ (ಫಿರಂಗಿ ಗುಂಡು) ಸಿಡಿದರೆ ಚೂರುಗಳು ಉದ್ದಕ್ಕೂ ಹಾರಬಾರದು ಅಂತ ಹೀಗೆ ತೋಡುತ್ತಿದ್ದರು. ಕಾಲಡಿ ಹಲಗೆ, ಹಲಗೆಯಡಿ ನೀರು. ಈ ಕಡೆ ಸ್ವಲ್ಪ ಅಗೆದರೂ ನೀರು ಬರುತ್ತದೆ, ಹಾಗಾಗಿ ಮರಳು ಚೀಲ ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ದಿನಗಟ್ಟಲೆ ಒದ್ದೆ ಬೂಟಿನಲ್ಲಿದ್ದ ಪಾದ ಊದಿ, ಮರಗಟ್ಟಿ, ಕೊಳೆಯುತ್ತಿತ್ತು. ಅದೇ ಟ್ರೆಂಚ್ ಫುಟ್. ತಿಮಿಂಗಿಲದ ಎಣ್ಣೆ ತಿಕ್ಕಿ ಒಣ ಸಾಕ್ಸ್ ಹಾಕಿ ಅಂತ ಆದೇಶವೇ ಇತ್ತು. ಒಣ ಸಾಕ್ಸ್ ಸಿಗಬೇಕಲ್ಲ! ಹೇನು, ಇಲಿಗಳ ಕಾಟ ಬೇರೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ದಾಳಿ ನಿರೀಕ್ಷಿಸಿ ಬಂದೂಕು ಹಿಡಿದು ನಿಲ್ಲಬೇಕು. ಹಗಲು ತಲೆ ಎತ್ತುವಂತಿಲ್ಲ. ಮುಳ್ಳುತಂತಿ ಕಟ್ಟುವುದು, ಊಟ, ನೀರು ಹೊರುವುದು ಎಲ್ಲ ರಾತ್ರಿಯೇ.

ಆಮೇಲೆ ಝೊನ್ನೆಬೆಕೆಯ ಪಾಶೆಂಡಾಲೆ ಮ್ಯೂಸಿಯಂ. ಅಲ್ಲಿ ನೆಲದಡಿಯ ಅಡಗುತಾಣವನ್ನು ಹೊಸದಾಗಿ ಕಟ್ಟಿ ತೋರಿಸಿದ್ದಾರೆ. ಇಕ್ಕಟ್ಟು ಕಂಡರೆ ಭಯಪಡುವವರು ಯೋಚಿಸಿ ಇಳಿಯಿರಿ. 1917ರಲ್ಲಿ ಇಲ್ಲಿ ಶೆಲ್‌ಗಳು ಹೊಲದ ನೀರು ಹರಿದುಹೋಗುವ ಕಾಲುವೆಗಳನ್ನೆಲ್ಲ ಒಡೆದುಹಾಕಿದವು, ಮೇಲೆ ಮಳೆ. ಗಾಯಗೊಂಡವರು ಕೆಸರಿನಲ್ಲೇ ಮುಳುಗಿ ಸತ್ತರು. ಹತ್ತಿರದ ಟೈನ್ ಕಾಟ್ ಸೈನಿಕ ಸ್ಮಶಾನದಲ್ಲಿ ಸುಮಾರು 12,000 ಸಮಾಧಿಗಳಿವೆ. ಬಹುಪಾಲು ಸಮಾಧಿಗಳ ಮೇಲೆ ಹೆಸರೇ ಇಲ್ಲ.

ಭಾರತದ ಸೈನಿಕರು 1914ರ ಅಕ್ಟೋಬರಿನಲ್ಲೇ ಇಲ್ಲಿದ್ದರು, ಅನೇಕರು ತೆಳು ಹತ್ತಿ ಬಟ್ಟೆಯಲ್ಲಿ. ಸಮಾಧಿಯೇ ಸಿಗದ ಸೈನಿಕರ ಹೆಸರು ಕೆತ್ತಿರುವ ಈಪರ್‌ನ ಸ್ಮಾರಕ ದ್ವಾರ ಮೆನಿನ್ ಗೇಟ್ ಮೇಲೆ ಅವರ ಹೆಸರುಗಳೂ ಇವೆ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನವರನ್ನು ಮಾತ್ರ ಅಲ್ಲಿ ಹುಡುಕಬೇಡಿ, ಅವರು ಹೋರಾಡಿದ್ದು ಈಜಿಪ್ಟ್, ಪ್ಯಾಲೆಸ್ತೀನ್ ಕಡೆ. ದಿನಾ ರಾತ್ರಿ 8ಕ್ಕೆ ಸತ್ತವರ ನೆನಪಿಗೆ ಗೇಟಿನಡಿ ಬ್ಯೂಗಲ್ ನುಡಿಸುತ್ತಾರೆ. ಅರ್ಧ ಗಂಟೆ ಮುಂಚೆ ಹೋದರೆ ಜಾಗ ಸಿಗುತ್ತದೆ. ಆ ಹೊತ್ತಿನಲ್ಲಿ ಬ್ರಸೆಲ್ಸ್‌ಗೆ ಓಡುವ ಗಡಿಬಿಡಿ ಬೇಡ, ಊರಲ್ಲೇ ರೂಮ್ ಮಾಡಿ. ಇನ್ನೊಂದು ಜೊತೆ ಶೂ ಇರಲಿ.