ಕಲಬುರಗಿಯಿಂದ ಬೀದರ್‌ಗೆ ಬೈಕಿನಲ್ಲಿ: ಬಿಸಿಲು, ಕಾಯಿಲ್, ಪುಂಡಿ ಪಲ್ಯ

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಬೀದರ್ ಸುಮಾರು 110 ಕಿ.ಮೀ. ನೂರು ಸಿಸಿ ಬೈಕಿಗೂ ಮೂರು ತಾಸು ಸಾಕು. ಏಪ್ರಿಲ್‌ನಲ್ಲಿ ಹೊರಟ ನನಗೆ ಒಂಬತ್ತು ತಾಸು ಹಿಡಿಯಿತು.

ಕಮಲಾಪುರ ದಾಟಿದ ಮೇಲೆ ಬೈಕ್ ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್ ಇತ್ತು. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದರೂ ಹೀಗೆ ನಿಲ್ಲುತ್ತದೆ ಅಂತ ಮುಚ್ಚಳ ತೆಗೆದು ನೋಡಿದೆ, ಅದೂ ಅಲ್ಲ. ಬೇವಿನ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತು, ಕಮಲಾಪುರದಲ್ಲಿ ಕೊಂಡಿದ್ದ ಕೆಂಪು ಬಾಳೆಹಣ್ಣು ತಿಂದೆ. ಆಮೇಲೆ ಒಂದೇ ಕಿಕ್‌ಗೆ ಸ್ಟಾರ್ಟ್! ಎಂಟು ಕಿ.ಮೀ. ಹೋಗಿ ಮತ್ತೆ ನಿಂತಿತು.

ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಹುಡುಗ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್‌ಗೆ ತಾಗಿಸಿ ಕಿಕ್ ಹೊಡೆದ. ನೀಲಿ ಕಿಡಿ ಚೆನ್ನಾಗೇ ಬಂತು. "ಸಿಡಿಐ ಹೋಗ್ಯಾದ್ರಿ ಸರ" ಅಂದ. ಸಿಡಿಐ ಅಂದರೆ ಕಿಡಿ ಯಾವಾಗ ಹಾರಬೇಕು ಅಂತ ನೋಡಿಕೊಳ್ಳುವ ಸಣ್ಣ ಎಲೆಕ್ಟ್ರಾನಿಕ್ ಡಬ್ಬಿ. ಪ್ಲಗ್, ಸಿಡಿಐ, ಕೂಲಿ ಸೇರಿ 1,150 ರೂಪಾಯಿ. ಕಿಡಿ ಚೆನ್ನಾಗಿ ಬಂದಿದ್ದು ಯಾಕೆ ಗೊತ್ತಾ? ಕೆಟ್ಟಿದ್ದು ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ತಳ್ಳಿಕೊಂಡು ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು. ಬೈಕ್ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಕಿಡಿ ನೋಡಬೇಕಿತ್ತು. ನೀವು ನೋಡುವುದಾದರೆ ಪೆಟ್ರೋಲ್ ಮುಚ್ಚಳ ಹಾಕಿರಲಿ, ವೈರ್ ಕೈಯಲ್ಲಿ ಹಿಡಿಯಬೇಡಿ.

ಹುಮನಾಬಾದ್ ತಲುಪುವಷ್ಟರಲ್ಲಿ ಇನ್ನೂ ಮೂರು ಸಲ ನಿಂತಿತು. ಅಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಮಾತಿಲ್ಲದೆ ಟ್ಯಾಂಕಿನ ಅಡಿ ಕೈ ಹಾಕಿ ಕಾಯಿಲ್ ಮುಟ್ಟಿದರು. "ಕಾಸಿದ್ರ ಇದರ ಉಸಿರ ಕಟ್ತದ ನೋಡ್ರಿ" ಅಂದರು. ಒಳಗೆ ಕೂದಲಿನಷ್ಟು ಸಣ್ಣ ತಂತಿಯ ಸುತ್ತು ಇರುತ್ತದಂತೆ. ಬಿಸಿಗೆ ಅದು ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ.

ಕೆಲಸ ದೊಡ್ಡದೇನಲ್ಲ. ಸೀಟು ತೆಗೆದು, ಪೆಟ್ರೋಲ್ ನಳ ಬಂದ್ ಮಾಡಿ, ಪೈಪ್ ಬಿಡಿಸಿ, ಟ್ಯಾಂಕ್ ಹಿಂದಕ್ಕೆ ಎಳೆದರೆ ಕಾಯಿಲ್ ಕಾಣುತ್ತದೆ. ಎರಡು ಬೋಲ್ಟ್, ಒಂದು ವೈರ್. ಪ್ಲಗ್ ಕ್ಯಾಪ್ ತಿರುಗಿಸಿದರೆ ಬಿಚ್ಚುತ್ತದೆ, ಎಳೆದು ಕೀಳಬೇಡಿ. ಮಿಸ್ತ್ರಿ ಒಂದು ಕೆಲಸ ಜಾಸ್ತಿ ಮಾಡಿದರು: ಬೋಲ್ಟ್ ಕೂರುವ ಜಾಗದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದರು. ಕಾಯಿಲ್‌ಗೆ ಅರ್ಥಿಂಗ್ ಅಲ್ಲಿಂದಲೇ ಸಿಗುವುದು. ಅರ್ಧ ತಾಸು, ಕಾಯಿಲ್ ಸೇರಿ 420 ರೂಪಾಯಿ.

ಅವರೇ ತೋರಿಸಿದ ಖಾನಾವಳಿ ಬಗ್ಗೆ ಹೇಳಲೇಬೇಕು. ಬೋರ್ಡಿಲ್ಲ, ಮೂರೇ ಟೇಬಲ್, ಫ್ಯಾನ್ ಸುಮ್ನೆ ತಿರುಗುತ್ತದೆ. ಆದರೆ ಹಂಚಿನಿಂದ ನೇರ ತಟ್ಟೆಗೆ ಬರುವ ಬಿಸಿ ಜೋಳದ ರೊಟ್ಟಿ, ಹುಳಿ ಹುಳಿ ಪುಂಡಿ ಪಲ್ಯ, ಕೆನೆ ಮೊಸರಿನ ಜೊತೆ ಶೇಂಗಾ ಹಿಂಡಿ. ನಾಲ್ಕನೇ ರೊಟ್ಟಿಗೆ ಸಾಕು ಅಂದೆ. "ಬೈಕ್ ತಳ್ಳಿ ಬಂದೀರಿ, ಉಣ್ರಿ" ಅಂತ ಅಕ್ಕ ಐದನೆಯದು ಹಾಕಿದರು. 70 ರೂಪಾಯಿ. ಎಸಿ ಬೇಕೆನ್ನುವವರು ಹೋಗಬೇಡಿ.

ಬೀದರ್ ಕೋಟೆ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಹಿಡಿಸಿದ್ದು 1472ರ ಮಹಮೂದ್ ಗವಾನ್ ಮದರಸಾ. ಉಳಿದಿರುವ ಒಂದೇ ಮಿನಾರ್ ಮೇಲಿನ ಬಣ್ಣದ ಹೆಂಚನ್ನು ಸಂಜೆ ಬಿಸಿಲಲ್ಲಿ ನೋಡಿ.

ಬೇಸಿಗೆಯಲ್ಲಾದರೆ ಬೆಳಗ್ಗೆ ಐದಕ್ಕೇ ಹೊರಡಿ. ಪ್ಲಗ್ ಪಾನಾ, ಹತ್ತರ ಸ್ಪ್ಯಾನರ್, ಒಂದು ಹಳೇ ಕಾಯಿಲ್ ಜೊತೆಗಿರಲಿ. ಬಿಚ್ಚಿದ ಸಾಮಾನನ್ನು ಅಲ್ಲೇ ಕೇಳಿ ಇಸಿದುಕೊಳ್ಳಿ. ಎರಡು ದಿನ ಬಿಟ್ಟು ವಾಪಸ್ ಬರುವಾಗ ಆ ಗ್ಯಾರೇಜ್ ಮುಂದೆ ನಿಲ್ಲಿಸಿ ನನ್ನ ಹಳೇ ಸಿಡಿಐ ಕೇಳಿದೆ.

"ಅದು ಗುಜರಿಗಿ ಹೋಯ್ತ್ರಿ ಸರ" ಅಂದ.