ಲಿಂಕನ್ ಬದುಕಿದ ಊರಿನಲ್ಲಿ ಒಂದು ರಾತ್ರಿ ಉಳಿಯಿರಿ

ಷಿಕಾಗೋದಲ್ಲಿ ನೆಲೆಸಿರುವ ನಮ್ಮವರು ಊರಿನಿಂದ ಬಂದ ತಂದೆತಾಯಿಯನ್ನು ಸ್ಪ್ರಿಂಗ್‌ಫೀಲ್ಡ್‌ಗೆ (ಇಲಿನಾಯ್ ರಾಜ್ಯದ ರಾಜಧಾನಿ) ಕರೆದೊಯ್ಯುವಾಗ ಬೆಳಿಗ್ಗೆ ಹೊರಟು ರಾತ್ರಿಯೇ ಮರಳುವ ಲೆಕ್ಕ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೂರ ಸುಮಾರು 320 ಕಿ.ಮೀ.; ಕಾರಾಗಲಿ ರೈಲಾಗಲಿ, ಹೋಗಲು ಮೂರೂವರೆ ಗಂಟೆ, ಬರಲು ಅಷ್ಟೇ. ಉಳಿದ ಹೊತ್ತಿನಲ್ಲಿ ಸಮಾಧಿಗೆ ಕೈಮುಗಿದು ಬರಬಹುದು, ಅಷ್ಟೇ. ಅಬ್ರಹಾಂ ಲಿಂಕನ್ ಸುಮಾರು ಕಾಲು ಶತಮಾನ ಬಾಳಿದ ಊರನ್ನು ನೋಡಿದಂತಾಗುವುದಿಲ್ಲ.

ಮೊದಲು ಲಿಂಕನ್ ಅವರ ಮನೆಗೆ ಹೋಗಿ. ಪ್ರವೇಶ ಉಚಿತ, ಆದರೆ ಸಂದರ್ಶಕರ ಕೇಂದ್ರದಲ್ಲಿ ಟಿಕೆಟ್ ಪಡೆಯಲೇಬೇಕು; ಬೇಸಿಗೆ ರಜೆಯಲ್ಲಿ ಬೇಗ ಹೋದಷ್ಟೂ ಒಳ್ಳೆಯದು. ಲಿಂಕನ್ 1844ರಲ್ಲಿ ಕೊಂಡ ಈ ಮನೆ ಆಗ ಒಂದೂವರೆ ಅಂತಸ್ತಿನದು. ಪೂರ್ಣ ಎರಡನೇ ಅಂತಸ್ತು ಬಂದದ್ದು 1850ರ ದಶಕದಲ್ಲಿ. ಇದು ಅವರ ಸ್ವಂತದ ಏಕೈಕ ಮನೆ. ಎರಡನೇ ಮಗ ಎಡ್ಡಿ ಇಲ್ಲಿಯೇ 1850ರಲ್ಲಿ ತೀರಿಕೊಂಡ. ಮೆಟ್ಟಿಲು ಹತ್ತುವಾಗ ಪಕ್ಕದ ಕೈಹಿಡಿಕೆ ಹಿಡಿದುಕೊಳ್ಳಿ. ಅದು ಅಂದಿನದೇ, ಲಿಂಕನ್ ಕೈ ಸೋಕಿದ್ದು. ಮಲಗುವ ಕೋಣೆಯಲ್ಲಿರುವ ಪುಟ್ಟ ಬರೆಯುವ ಮೇಜು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅಷ್ಟು ಎತ್ತರದ ಮನುಷ್ಯ ಅಷ್ಟು ಚಿಕ್ಕ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದರು! ಮಂಡಿನೋವಿನ ಹಿರಿಯರಿದ್ದರೆ ಮೊದಲೇ ಸಿಬ್ಬಂದಿಗೆ ಹೇಳಿ, ಮೇಲಿನ ಅಂತಸ್ತಿಗೆ ಮೆಟ್ಟಿಲೇರಿಯೇ ಹೋಗಬೇಕು.

ಮನೆ ನೋಡಿ ಮುಗಿಯಿತೆಂದು ಕಾರು ಹತ್ತಬೇಡಿ. ಸುತ್ತಲಿನ ಬೀದಿಗಳನ್ನೂ ಆ ಕಾಲದಂತೆಯೇ ಉಳಿಸಿದ್ದಾರೆ. ಅಲ್ಲೊಂದು ಖಾಲಿ ನಿವೇಶನವಿದೆ, ಹೆಚ್ಚಿನವರು ನೋಡದೆ ದಾಟುತ್ತಾರೆ. ಜೇಮ್ಸನ್ ಜೆಂಕಿನ್ಸ್ ಎಂಬ ಸ್ವತಂತ್ರ ಕಪ್ಪು ವ್ಯಕ್ತಿಯ ಮನೆ ಇದ್ದ ಜಾಗ ಅದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಅವರು ನೆರವಾಗುತ್ತಿದ್ದರು. 1861ರ ಫೆಬ್ರವರಿ 11ರಂದು ಅಮೆರಿಕದ ಅಧ್ಯಕ್ಷ ಪದವಿ ವಹಿಸಿಕೊಳ್ಳಲು ವಾಷಿಂಗ್ಟನ್‌ಗೆ ಹೊರಟ ಲಿಂಕನ್‌ರನ್ನು ಗಾಡಿಯಲ್ಲಿ ರೈಲು ನಿಲ್ದಾಣಕ್ಕೆ ಕರೆದೊಯ್ದವರೂ ಅವರೇ. ಆ ನಿಲ್ದಾಣಕ್ಕೆ ನೀವೂ ನಡೆದೇ ಹೋಗಬಹುದು. ನೆರೆಹೊರೆಯವರ ಮುಂದೆ ಲಿಂಕನ್, ಮತ್ತೆ ಯಾವಾಗ ಮರಳುತ್ತೇನೋ, ಮರಳುತ್ತೇನೋ ಇಲ್ಲವೋ ತಿಳಿಯದು ಎಂದದ್ದು ಅಲ್ಲಿಯೇ. ಜೀವಂತವಾಗಿ ಅವರು ಮರಳಲಿಲ್ಲ.

ಹಳೆಯ ಶಾಸನಸಭಾ ಭವನದಲ್ಲಿ ಪ್ರತಿನಿಧಿಗಳ ಸಭಾಂಗಣವನ್ನು ತಪ್ಪಿಸಬೇಡಿ. ಗುಲಾಮಗಿರಿಯ ವಿಷಯದಲ್ಲಿ ಇಬ್ಭಾಗವಾಗಿದ್ದ ದೇಶವನ್ನು ಕುರಿತು, ಒಡೆದ ಮನೆ ನಿಲ್ಲಲಾರದು ಎಂದು ಲಿಂಕನ್ 1858ರಲ್ಲಿ ಸಾರಿದ್ದು ಈ ಸಭಾಂಗಣದಲ್ಲಿ. 1865ರ ಮೇ ತಿಂಗಳಲ್ಲಿ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇರಿಸಿದ್ದೂ ಇಲ್ಲಿಯೇ.

ಇದೇ ಊರಿನಲ್ಲಿ 1908ರಲ್ಲಿ ಕಪ್ಪು ಜನರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಅದರ ಆಘಾತದಿಂದಲೇ ಮರುವರ್ಷ, ಲಿಂಕನ್ ಜನ್ಮಶತಮಾನೋತ್ಸವದ ದಿನ, ಕಪ್ಪು ಜನರ ಹಕ್ಕುಗಳಿಗಾಗಿ ಎನ್‌ಎಎಸಿಪಿ ಸಂಘಟನೆ ಹುಟ್ಟಿತು. 2024ರಲ್ಲಿ ಆ ಹಿಂಸಾಚಾರ ನಡೆದ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಗಿದೆ. ಮಕ್ಕಳಿಗೆ ಲಿಂಕನ್ ಕಥೆ ಹೇಳುವವರು ಇದನ್ನೂ ಹೇಳಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡರೂ ದ್ವೇಷ ಕೊನೆಗೊಳ್ಳಲಿಲ್ಲ, ಲಿಂಕನ್ ಅವರದೇ ಊರಿನಲ್ಲಿ ಕೂಡ.

ಓಕ್ ರಿಡ್ಜ್ ಸ್ಮಶಾನದ ಸಮಾಧಿಯನ್ನು ಎರಡನೇ ದಿನ ಬೆಳಿಗ್ಗೆ ನೋಡಿ. ಹೊರಗಿನ ಕಂಚಿನ ಶಿರಪ್ರತಿಮೆಯ ಮೂಗು, ಅದೃಷ್ಟಕ್ಕೆಂದು ಸವರುವವರ ಕೈಗಳಿಂದ ಹೊಳೆಯುತ್ತಿರುತ್ತದೆ. 1876ರಲ್ಲಿ ಕಳ್ಳರು ಶವವನ್ನೇ ಕದಿಯಲು ಯತ್ನಿಸಿದ್ದರು. ಆದ್ದರಿಂದ 1901ರಲ್ಲಿ ಹತ್ತು ಅಡಿ ಆಳದಲ್ಲಿಟ್ಟು ಕಾಂಕ್ರೀಟ್ ಸುರಿದರು. ಪತ್ನಿ ಮೇರಿ ಮತ್ತು ಮೂವರು ಪುತ್ರರೂ ಅಲ್ಲಿಯೇ ಇದ್ದಾರೆ.

ಮಕ್ಕಳಿದ್ದರೆ 2005ರಲ್ಲಿ ತೆರೆದ ಲಿಂಕನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡಿ, ಅದಕ್ಕೆ ಶುಲ್ಕವಿದೆ. ಅದೇ ಹೆಸರಿನ ಗ್ರಂಥಾಲಯ ರಸ್ತೆಯ ಆಚೆ ಬದಿಯಲ್ಲಿದೆ, ಗೊಂದಲ ಬೇಡ. ಕಾರಿದ್ದವರು ಸುಮಾರು 32 ಕಿ.ಮೀ. ದೂರದ ನ್ಯೂ ಸೇಲಂಗೂ ಹೋಗಿ. ತರುಣ ಲಿಂಕನ್ ಅಂಗಡಿ ನಡೆಸಿದ, ಅಂಚೆ ಹಂಚಿದ ಹಳ್ಳಿಯನ್ನು ಮರದ ದಿಮ್ಮಿಯ ಮನೆಗಳೊಂದಿಗೆ ಮತ್ತೆ ಕಟ್ಟಿದ್ದಾರೆ. ಸರ್ಕಾರಿ ಸ್ಮಾರಕಗಳಿಗೆ ವಾರದ ರಜೆಯಿರಬಹುದು, ಹೊರಡುವ ಮೊದಲು ಜಾಲತಾಣದಲ್ಲಿ ನೋಡಿಕೊಳ್ಳಿ. ಊರಿನ ಹೆಸರಾಂತ ‘ಹಾರ್ಸ್‌ಶೂ’ ತಿನಿಸಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ಸಸ್ಯಾಹಾರಿ ಹಿರಿಯರಿಗಾಗಿ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಲೇಸು.