ಸಮಕ್ಕೆ ಬರಬೇಡಿ ಅಂದರು

ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ವೆಂಟಿಲೇಟರ್, ಮಾನಿಟರ್, ಔಷಧಿ ಹನಿಸುವ ಪಂಪು, ಒಟ್ಟಿನಲ್ಲಿ ಐಸಿಯುನಲ್ಲಿ ರೋಗಿಯ ಸುತ್ತ ನಿಂತು ಕೂಗುವುದೆಲ್ಲ ನನ್ನ ಪಾಲಿಗೆ. ಊರಲ್ಲಿ ಯಾರಾದರೂ ಕೇಳಿದರೆ ‘ಆಸ್ಪತ್ರೆ ಮೆಕ್ಯಾನಿಕ್’ ಅಂದು ಮುಗಿಸುತ್ತೇನೆ. ಶುಕ್ರವಾರ ಸಂಜೆ ಮಾತ್ರ ಡ್ಯೂಟಿ ಮುಗಿಸಿ, ಮೃದಂಗ ಹೆಗಲಿಗೇರಿಸಿ ಒಂದು ಹಳೇ ಚರ್ಚಿನ ಹಾಲ್‌ಗೆ ಹೋಗುತ್ತೇನೆ. ಅಲ್ಲಿ ಏಳೆಂಟು ಜನ ಸೇರಿ ಏನನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ನುಡಿಸುತ್ತೇವೆ. ರಾಗ, ತಾಳ, ಹಾಡು ಯಾವುದೂ ಇಲ್ಲ. ಫ್ರೀ ಜಾಜ್ ಅನ್ನಿ, ಫ್ರೀ ಇಂಪ್ರೊವೈಸೇಷನ್ ಅನ್ನಿ. ಹೆಸರಿನ ಬಗ್ಗೆ ಅಲ್ಲಿಯವರಲ್ಲೇ ಜಗಳ ಇದೆ, ನಾನು ತಲೆ ಹಾಕುವುದಿಲ್ಲ.

ಮೊದಲ ದಿನದ ಫಜೀತಿ ಹೇಳಿಬಿಡುತ್ತೇನೆ. ಒಬ್ಬರು ಸ್ಯಾಕ್ಸೊಫೋನಿನಲ್ಲಿ ಸ್ವರ ಹೊರಡಿಸದೆ ಬರೀ ಗಾಳಿ ಊದುತ್ತಿದ್ದರು. ಒಬ್ಬಾಕೆ ಥರ್ಮೊಕೋಲ್ ತುಂಡನ್ನು ಮೇಜಿಗೆ ಉಜ್ಜುತ್ತಿದ್ದಳು. ಪಾಪ, ಯಾರಾದರೂ ಶುರು ಮಾಡಲಿ ಅಂತ ಕಾಯುತ್ತಿದ್ದಾರೆ ಅಂದುಕೊಂಡೆ. ಆದಿತಾಳ ಹಿಡಿದು ಶುರುಮಾಡಿದೆ. ತಿಶ್ರ ನಡೆಗೆ ಹೋದೆ, ಮೈಸೂರಿನಲ್ಲಿ ಮೇಷ್ಟ್ರು ಬೆರಳು ನೋಯುವ ತನಕ ಕಲಿಸಿದ್ದ ಕೋರ್ವೆಯನ್ನು, ಅಂದರೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯವನ್ನು, ಮೂರು ಸಲ ಹೇಳಿ ಧಡ್ ಅಂತ ಸಮಕ್ಕೆ, ತಾಳ ಶುರುವಾಗುವ ಮೊದಲ ಪೆಟ್ಟಿಗೆ, ಬಂದು ತಲೆ ಎತ್ತಿದೆ. ತನಿ ಆವರ್ತನ, ಅಂದರೆ ಸಂಗೀತ ಕಚೇರಿಯಲ್ಲಿ ತಾಳವಾದ್ಯಕ್ಕೇ ಬಿಟ್ಟ ಸರದಿ, ಆದಮೇಲೆ ಚಪ್ಪಾಳೆ ಕೇಳಿ ಅಭ್ಯಾಸವಾದ ತಲೆ ಅದು. ಒಬ್ಬರೂ ಕೈ ಎತ್ತಲಿಲ್ಲ. ಗುಂಪಿನ ಹಿರಿಯ, ಎಪ್ಪತ್ತು ದಾಟಿದ ಡ್ರಮ್ಮರ್, ಮೆಲ್ಲಗೆ ಹೇಳಿದರು: ‘ಚೆನ್ನಾಗಿತ್ತು. ಆದರೆ ಆ ಕೊನೆಯ ಪೆಟ್ಟು ಹಾಕಿ ಬಾಗಿಲು ಮುಚ್ಚಿಬಿಟ್ಟಿರಿ. ಮುಂದಿನ ಸಲ ಅಲ್ಲಿಗೆ ಬರಬೇಡಿ.’ ಸಮ ಅನ್ನುವ ಪದ ಅವರಿಗೆ ಗೊತ್ತಿಲ್ಲ. ನನ್ನ ಕಿವಿಗೆ ಬಿದ್ದದ್ದು ಮಾತ್ರ ಸಮಕ್ಕೆ ಬರಬೇಡಿ ಅಂತಲೇ. ಸಮಕ್ಕೆ ಬರದೆ ಮೃದಂಗ ನುಡಿಸು ಅನ್ನುವುದೂ ಉಪ್ಪಿಲ್ಲದೆ ಸಾರು ಮಾಡು ಅನ್ನುವುದೂ ಒಂದೇ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಸಿಟ್ಟಿತ್ತು.

ಸ್ಯಾಕ್ಸೊಫೋನ್ ಅಂದರೆ ನಮ್ಮ ಕಡೆಯವರಿಗೆ ಕದ್ರಿ ಗೋಪಾಲನಾಥರು. ಬಂಟ್ವಾಳದ ಸಜೀಪದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾಗಿ, ಅದರ ಕೊರಳಿಗೆ ಕರ್ನಾಟಕ ಸಂಗೀತದ ಗಮಕ ಕಲಿಸಿದವರು. ಅದು ಮದುವೆ ಮನೆಯ, ದೇವಸ್ಥಾನದ ಸದ್ದು. ಅದೇ ವಾದ್ಯವನ್ನು 1968ರಲ್ಲಿ ಜರ್ಮನಿಯ ಪೀಟರ್ ಬ್ರಾಟ್ಸ್‌ಮನ್ ಊದಿದ ಧ್ವನಿಮುದ್ರಣ ಗುಂಪಿನವರು ಕೇಳಿಸಿದಾಗ ಯಾರೋ ತಗಡಿನ ಶೀಟನ್ನು ಸೀಳುತ್ತಿದ್ದಾರೆ ಅನಿಸಿತು. ಹಿಂದೆ ಹಿಂದೆ ಹೋಗಿ ಕೇಳಿದ ಮೇಲೆ ದಾರಿ ಸ್ವಲ್ಪ ಕಂಡಿತು. 1959ರ ನವೆಂಬರಿನಲ್ಲಿ ಅಮೆರಿಕದ ಆರ್ನೆಟ್ ಕೋಲ್ಮನ್ ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನ್ ಹಿಡಿದು ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ನುಡಿಸಲು ನಿಂತಾಗ ದೊಡ್ಡ ದೊಡ್ಡ ವಾದಕರೇ ಎರಡು ಪಂಗಡವಾದರು. ಮರುವರ್ಷ ಡಿಸೆಂಬರಿನಲ್ಲಿ ಆತ ನಾಲ್ಕು ನಾಲ್ಕು ಜನರ ಎರಡು ಕ್ವಾರ್ಟೆಟ್‌ಗಳನ್ನು ಒಟ್ಟಿಗೆ ಕೂರಿಸಿ ಸುಮಾರು 37 ನಿಮಿಷ ನುಡಿಸಿದ. ಒಂದು ತಂಡ ಎಡ ಸ್ಪೀಕರಿಗೆ, ಇನ್ನೊಂದು ಬಲಕ್ಕೆ. ಫ್ರೀ ಜಾಜ್ ಅನ್ನುವ ಹೆಸರು ನಿಂತಿದ್ದು ಆ ರೆಕಾರ್ಡಿನ ಹೆಸರಿನಿಂದಲೇ.

ನಮ್ಮ ಗುಂಪಿಗೆ ಹತ್ತಿರದವರು ಲಂಡನ್ನಿನವರೇ ಆದ ಜಾನ್ ಸ್ಟೀವನ್ಸ್ ಅನ್ನುವ ಡ್ರಮ್ಮರ್. 1966ರಿಂದ ಇಲ್ಲಿನ ಲಿಟಲ್ ಥಿಯೇಟರ್ ಕ್ಲಬ್ಬಿನಲ್ಲಿ ತನ್ನ ತಂಡ ಕಟ್ಟಿಕೊಂಡು ನುಡಿಸಿದ ಮನುಷ್ಯ. ಸಂಗೀತ ಬರುವವರಿಗೂ ಬಾರದವರಿಗೂ ಒಂದೇ ಪಾಠ ಹೇಳುತ್ತಿದ್ದ. ಅವನ ಒಂದು ಅಭ್ಯಾಸಕ್ಕೆ ‘ಕ್ಲಿಕ್ ಪೀಸ್’ ಅಂತ ಹೆಸರು. ನಿಮ್ಮ ವಾದ್ಯದಲ್ಲಿ ಎಷ್ಟು ಚಿಕ್ಕ ಸದ್ದು ಸಾಧ್ಯವೋ ಅಷ್ಟು ಚಿಕ್ಕದನ್ನು ಮಾತ್ರ, ನಿಮಗೆ ಬೇಕಾದ ಹೊತ್ತಿನಲ್ಲಿ, ಉಳಿದ ಎಲ್ಲರನ್ನೂ ಕೇಳುತ್ತ ನುಡಿಸಬೇಕು, ಅಷ್ಟೇ. ಪಕ್ಕದವನು ಕೇಳಿಸುತ್ತಿಲ್ಲ ಅಂದರೆ ನಿನ್ನ ಸದ್ದೇ ಜಾಸ್ತಿಯಾಗಿದೆ ಅನ್ನುವುದು ಅವನ ನಿಯಮ.

ಇನ್ನು ಆಸ್ಪತ್ರೆಯಲ್ಲಿ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನಮ್ಮ ಐಸಿಯುನಲ್ಲಿ ಮೂಡಬಿದಿರೆ ಕಡೆಯ ಸಿಸ್ಟರ್ ಒಬ್ಬರಿದ್ದಾರೆ. ಪರದೆ ಹಿಂದಿನ ಬೆಡ್ಡಿನ ಪಂಪು ಕೂಗಿದ್ದು ಕೇಳಿಸಲಿಲ್ಲ ಅಂತ ಒಂದು ದಿನ ದೂರು ಬಂತು. ಪಂಪಿನ ವಾಲ್ಯೂಮ್ ಏರಿಸಿದೆ. ಆಮೇಲೆ ಪಕ್ಕದ ವೆಂಟಿಲೇಟರ್ ಕೇಳಿಸುವುದಿಲ್ಲ ಅಂದರು, ಅದನ್ನೂ ಏರಿಸಿದೆ. ಮಾನಿಟರ್ ಮಾತ್ರ ಯಾಕೆ ಹಿಂದೆ ಬೀಳಬೇಕು? ತಿಂಗಳೊಳಗೆ ವಾರ್ಡು ಸಂತೆಯಾಯಿತು. ನನ್ನ ಫೈಲಿನಲ್ಲಿ ಮಾತ್ರ ಪ್ರತಿ ದೂರಿನ ಮುಂದೆಯೂ ‘ಸರಿಪಡಿಸಲಾಗಿದೆ’. ಸಿಸ್ಟರ್ ನನ್ನನ್ನು ಕಾರಿಡಾರಿನಲ್ಲೇ ತಡೆದರು: ‘ಎಂತ ಮಾರಾಯ್ರೆ, ನಿಮ್ಮ ಮೆಷಿನ್‌ಗಳೆಲ್ಲ ಒಟ್ಟಿಗೆ ಬೊಬ್ಬೆ ಹೊಡೆದ್ರೆ ನಾನು ಯಾರ ಹತ್ರ ಓಡುದು?’

ಆ ಶುಕ್ರವಾರ ಕ್ಲಿಕ್ ಪೀಸ್ ಇತ್ತು. ಥರ್ಮೊಕೋಲಿನಾಕೆ ನನ್ನ ಎದುರಿಗೇ ಕೂತಿದ್ದಳು. ಕೈ ಆಡುವುದು ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ನಾನು ತಗ್ಗಿಸಿದೆ. ಇನ್ನೂ ಇಲ್ಲ. ಕೊನೆಗೆ ಹೊಡೆಯುವುದನ್ನೇ ಬಿಟ್ಟು ಬಲಗಡೆಯ ಕರಣೆಯ ಮೇಲೆ ಉಗುರು ತಾಕಿಸಿದೆ. ಆಗ ಕೇಳಿಸಿತು. ಅವಳದ್ದಷ್ಟೇ ಅಲ್ಲ, ಚರ್ಚಿನ ಅಡುಗೆಕೋಣೆಯ ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ಕೇಳಿಸಿತು. ಅದರ ಶ್ರುತಿಗೆ ಯಾರೋ ಸೆಲ್ಲೊ ತಂತಿಯನ್ನು ಸೇರಿಸಿಕೊಂಡು ಆಗಲೇ ಬಹಳ ಹೊತ್ತಾಗಿತ್ತು. ನಾನೊಬ್ಬ ಕಿವುಡನಂತೆ ಕೂತಿದ್ದೆ.

ಆ ಗುಂಯ್ ನನಗೆ ಹೊಸದಲ್ಲ. ಹಾಸನ ಜಿಲ್ಲೆಯ ನಮ್ಮೂರಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು, ಈಗ ತಮ್ಮ ನಡೆಸುತ್ತಾನೆ. ಇಲ್ಲಿನ ಕರೆಂಟೂ ಅಲ್ಲಿನ ಕರೆಂಟೂ 50 ಹರ್ಟ್ಸ್. ಹಾಗಾಗಿ ಮೋಟಾರು, ಟ್ರಾನ್ಸ್‌ಫಾರ್ಮರ್ ಎರಡೂ ಕಡೆ 100 ಹರ್ಟ್ಸಿನ ಆಸುಪಾಸಿನ ಅದೇ ಶ್ರುತಿ ಹಿಡಿಯುತ್ತವೆ. ಅಮೆರಿಕದಲ್ಲಿ 60, ಅಲ್ಲಿ ತಂಬೂರಿ ಬೇರೆ. ಅಪ್ಪ ಗಿರಣಿಯ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ರಾಜಕೀಯ ಮಾತಾಡುತ್ತಿದ್ದರೂ, ಕಾಳು ಮುಗಿದು ಕಲ್ಲಿಗೆ ಕಲ್ಲು ತಾಕುವ ಹೊತ್ತಿಗೆ ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದರು. ‘ಹೆಂಗೆ ಗೊತ್ತಾಯ್ತಪ್ಪ?’ ಅಂದರೆ ‘ಕೂಗ್ತಲ್ಲೋ’ ಅನ್ನುತ್ತಿದ್ದರು. ನಮಗೆ ಯಾರಿಗೂ ಕೂಗಿದ್ದು ಕೇಳಿರುತ್ತಿರಲಿಲ್ಲ.

ಸೋಮವಾರ ಮ್ಯಾನೇಜರ್ ಹತ್ತಿರ ಒಂದು ರಾತ್ರಿಪಾಳಿ ಕೇಳಿ ಪಡೆದೆ. ಡೆಸಿಬಲ್ ಮೀಟರ್ ಒಯ್ದಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ವಾರ್ಡಿಗೆ ಹೇಳುವುದು ಸರಾಸರಿ 30 ಡೆಸಿಬಲ್. ನನ್ನ ಮೀಟರ್ 50ರ ಕೆಳಗೆ ಇಳಿಯಲೇ ಇಲ್ಲ. ಅರ್ಧ ಗಂಟೆಗೆ ಅದನ್ನು ಚೀಲಕ್ಕೆ ಹಾಕಿ, ನರ್ಸುಗಳ ಮೇಜಿನ ಪಕ್ಕ ಕೂತು ಕೇಳಿದ್ದನ್ನೆಲ್ಲ ಜತಿಯಲ್ಲಿ, ಅಂದರೆ ಮೃದಂಗದ ಬಾಯಿಪಾಠದ ಅಕ್ಷರಗಳಲ್ಲಿ, ಬರೆಯತೊಡಗಿದೆ. ಅತಿ ತುರ್ತಿನ ಅಲಾರಂಗೆ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡಿರುವ ಲಯ ಮೂರು, ಆಮೇಲೆ ಎರಡು, ಮತ್ತೊಮ್ಮೆ ಅದೇ. ತಕಿಟ ತಕ, ತಕಿಟ ತಕ. ತಕ ತಕಿಟ ಅನ್ನುವ ನಮ್ಮ ಐದರ ಎಣಿಕೆಯ ಖಂಡವನ್ನು ತಿರುಗಿಸಿ ಇಟ್ಟ ಹಾಗೆ! ಇಷ್ಟು ವರ್ಷ ಅದನ್ನು ಟೆಸ್ಟ್ ಮಾಡಿ ಸಹಿ ಹಾಕಿದ್ದೇನೆ, ಒಂದು ದಿನವೂ ಎಣಿಸಿರಲಿಲ್ಲ.

ಆ ಮಾನದಂಡದ 2006ರ ಆವೃತ್ತಿಯಲ್ಲಿ ಇನ್ನೂ ಮಜಾ ಇದೆ. ಒಂದೊಂದು ತೊಂದರೆಗೆ ಒಂದೊಂದು ಸ್ವರಗುಚ್ಛ. ಪಾಶ್ಚಾತ್ಯರ ಸಿ ನಮ್ಮ ಷಡ್ಜ ಅಂದುಕೊಂಡರೆ ಹೃದಯಕ್ಕೆ ಸ ಗ ಪ, ಜ್ವರಕ್ಕೆ ಸ ರಿ ಗ, ಆಮ್ಲಜನಕಕ್ಕೆ ಮೇಲಿನ ಸ, ನಿ, ದ ಅಂತ ಇಳಿಯುವುದು. ಔಷಧಿ ಹನಿಸುವ ಪಂಪಿಗೆ ಮೇಲಿನ ಸ, ಕೆಳಗಿನ ರಿ, ಮತ್ತೆ ಪ. ನೆನಪಿಡಲು ಪಕ್ಕದಲ್ಲಿ ಕೊಟ್ಟ ಸುಳಿವು ಏನು ಗೊತ್ತೇ? ಜಾಜ್ ಸ್ವರಮೇಳ, ಹನಿ ಬಿದ್ದು ಮೇಲಕ್ಕೆ ಚಿಮ್ಮಿದ ಹಾಗೆ. ಕಚೇರಿಯ ಒಣ ಕಡತದಲ್ಲಿ ಜಾಜ್! ಆದರೆ ಪಾಠ ಹೇಳಿಸಿಕೊಂಡ ನರ್ಸುಗಳೂ ಈ ಸ್ವರಗಳನ್ನು ಒಂದಕ್ಕೊಂದು ಕಲಸಿಕೊಳ್ಳುತ್ತಾರೆ ಅಂತ ಪ್ರಯೋಗಗಳಲ್ಲಿ ಗೊತ್ತಾಯಿತು. ಕೂತು ಕಾಗದದ ಮೇಲೆ ಮಾಡಿದ ಏರ್ಪಾಡು ಅದು, ನನ್ನ ಕೋರ್ವೆಯ ಹಾಗೆ. 2020ರ ತಿದ್ದುಪಡಿಯಲ್ಲಿ ದಿನನಿತ್ಯದ ಸದ್ದುಗಳೇ ಬಂದವು. ಹೃದಯಕ್ಕೆ ಎದೆಬಡಿತ, ಔಷಧಿಗೆ ಮಾತ್ರೆ ಡಬ್ಬಿ ಅಲ್ಲಾಡಿಸಿದ ಸದ್ದು. ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಬೆಳಗಿನ ಜಾವದ ಹೊತ್ತಿಗೆ ನನ್ನ ಪುಸ್ತಕದ ಪುಟಗಳೇ ಉತ್ತರ ಹೇಳುತ್ತಿದ್ದವು. ಕೂಗಿದ್ದರಲ್ಲಿ ಬಹುಪಾಲು ಕಾಯಿಲೆಯದ್ದಲ್ಲ. ಒಣಗಿದ ಇಸಿಜಿ ಎಲೆಕ್ಟ್ರೋಡು, ಬೆರಳಿನಿಂದ ಜಾರಿದ ಕ್ಲಿಪ್ಪು, ಖಾಲಿಯಾದ ಚೀಲ. ಐಸಿಯು ಅಲಾರಂಗಳಲ್ಲಿ 72ರಿಂದ 99 ಪ್ರತಿಶತ ಸುಳ್ಳು ಅಂತ ಸಂಶೋಧನೆಗಳು ಹೇಳುವುದನ್ನು ಟ್ರೇನಿಂಗಿನಲ್ಲಿ ಓದಿ ಪಾಸಾಗಿದ್ದೆ. ನಾನು ಆ ಸುಳ್ಳುಗಳಿಗೆ ಮೈಕ್ ಕೊಟ್ಟಿದ್ದೆ. ಆಮೇಲಿನದ್ದು ಉದ್ದದ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಎಲೆಕ್ಟ್ರೋಡುಗಳನ್ನು ದಿನಾ ಬದಲಿಸುವ ಪದ್ಧತಿ ಬಂತು. ಯಾವ ರೋಗಿಗೆ ಯಾವ ಮಿತಿಯಲ್ಲಿ ಅಲಾರಂ ಕೂಗಬೇಕು ಅನ್ನುವುದನ್ನು ಡಾಕ್ಟರೂ ಹಿರಿಯ ನರ್ಸುಗಳೂ ಕೂತು ನಿರ್ಧರಿಸಿದರು, ಅದು ನನ್ನಂಥ ಮೆಕ್ಯಾನಿಕ್ಕಿನ ಕೆಲಸ ಅಲ್ಲ. ಅವರು ಒಪ್ಪಿದ ಮೇಲೆ ಒಂದೊಂದೇ ವಾಲ್ಯೂಮ್ ಇಳಿಸಿದೆ. ಎರಡು ವಾರ ಕಳೆದು ಸಿಸ್ಟರ್ ಸಿಕ್ಕಾಗ ‘ಈಗ ಪಂಪು ಮಾತಾಡುದು ಕೇಳ್ತದೆ’ ಅಂದರು. ನನ್ನ ವಾರ್ಷಿಕ ಅಪ್ರೈಸಲ್‌ನಲ್ಲಿ ಈ ಮಾತಿಗೆ ಕಾಲಂ ಇಲ್ಲ.

ಹಾಗಂತ ಎಲ್ಲ ಸದ್ದೂ ಸಂಗೀತ ಅನ್ನುವ ಜಾತಿ ನನ್ನದಲ್ಲ. ನಮ್ಮ ಗುಂಪಿನಲ್ಲಿ ಅಂಥವರಿದ್ದಾರೆ, ಒಂದು ರಾತ್ರಿ ಐಸಿಯುನಲ್ಲಿ ಕೂತು ನೋಡಲಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಮೂಲ ಉಪಾಯವನ್ನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ ಹೊಳೆಯಿಸಿಕೊಂಡಿದ್ದು 1970ರ ದಶಕದಲ್ಲಿ. ಅದಕ್ಕೆ ಜೋಡಿಸಿದ ಮಾನಿಟರ್ ನಾಡಿಯ ಪ್ರತಿ ಬಡಿತಕ್ಕೂ ಒಂದು ಸ್ವರ ನುಡಿಯುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿದರೆ ಸ್ವರವೂ ಇಳಿಯುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರು ಮಾನಿಟರಿನ ಪರದೆ ಕಡೆ ತಿರುಗಬೇಕಿಲ್ಲ, ಕಿವಿಯೇ ಸಾಕು. ಒಮ್ಮೆ ಚರ್ಚಿನ ಹಾಲ್‌ನಲ್ಲಿ ಕ್ಲಾರಿನೆಟ್ಟಿನವನು ಗೊತ್ತಿಲ್ಲದೆಯೇ ಅದೇ ನಡೆಯಲ್ಲಿ ಒಂದೊಂದೇ ಸ್ವರ ಕೆಳಗಿಳಿಯತೊಡಗಿದ. ಉಳಿದವರೆಲ್ಲ ಖುಷಿಯಿಂದ ಅವನ ಹಿಂದೆ ಇಳಿದರು. ನನ್ನ ಕೈ ಮೃದಂಗದ ಮೇಲೆ ತಣ್ಣಗಾಗಿತ್ತು. ಮುಗಿದ ಮೇಲೆ ಹಿರಿಯರು ‘ಇವತ್ತು ನೀವು ನುಡಿಸದೇ ಇದ್ದದ್ದು ಬಹಳ ಚೆನ್ನಾಗಿತ್ತು’ ಅಂದರು. ಕಾರಣ ಹೇಳಲು ಹೋಗಲಿಲ್ಲ.

ಮೊನ್ನೆ ಭಾನುವಾರ ತಮ್ಮನಿಗೆ ಫೋನ್ ಮಾಡಿದ್ದೆ. ಗಿರಣಿಯಲ್ಲೇ ಇದ್ದ. ರಾಗಿ ರೇಟು, ಅಮ್ಮನ ಮಂಡಿನೋವು, ಅವನ ಮಗಳ ಪರೀಕ್ಷೆ, ಹೀಗೆ ಮಾತು ಸಾಗಿತ್ತು. ಅವನ ದನಿಯ ಹಿಂದೆ ಅದೇ ಗುಂಯ್, ಅದರ ಮೇಲೆ ಪಟ್ಟಾ ಪಟಪಟ. ಮಾತಿನ ನಡುವೆ ಅದರ ಬಣ್ಣ ತಿರುಗಿತು.

‘ಲೋ, ಕಾಳು ಮುಗೀತು ಕಣೋ.’

‘ಏನಣ್ಣ?’

‘ಕಲ್ಲು ಬರಿದಾಗಿ ಓಡ್ತಿದೆ, ನೋಡು.’

‘ಅಯ್ಯೋ, ಇರು’ ಅಂದವನು ಫೋನನ್ನು ಹಿಟ್ಟಿನ ಡಬ್ಬದ ಮೇಲೋ ಎಲ್ಲೋ ಕುಕ್ಕಿ ಓಡಿದ. ಮರಳಿ ಬರುವವರೆಗೂ ನಾನು ಕೇಳುತ್ತ ಕೂತಿದ್ದೆ.